ಎಡಗಡೆಯ ಗೇರ್ ರಾಡು

ಪುಣೆಯ ಭೋಸರಿಯಲ್ಲಿದ್ದ ಅಕ್ಕನ ಮನೆಗೆ ಬಂದಾಗ ನನಗೆ ಇಪ್ಪತ್ತಾರು ವರ್ಷ. ಅದಕ್ಕೂ ಮೊದಲು ಗುಲ್ಬರ್ಗಾದ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಫಿಟರ್ ಆಗಿದ್ದೆ. ಮಿಲ್ಲು ಮುಚ್ಚಿತು. ಎರಡು ತಿಂಗಳು ಸುಮ್ಮನೆ ಕೂತಿದ್ದಾಗ ಅಕ್ಕನ ಪತ್ರ ಬಂತು: ಇಲ್ಲಿಗೆ ಬಾ, ನಿಮ್ಮ ಮಾಮಾ ಕೆಲಸದ ಮಾತಾಡ್ಯಾರ. ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಎಂದೇ ಕರೆಯುತ್ತೇವೆ. ಮಾಮಾ ಪುಣೆಯಲ್ಲಿ ಭಾರೀ ಯಂತ್ರಗಳನ್ನು ಸಾಗಿಸುವ ಒಂದು ಸಣ್ಣ ಕಂಪನಿಯ ಡ್ರೈವರ್. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂದೇ ಕೋಣೆಯ ಮನೆ. ನಾನು ಬಂದ ಮೇಲೆ ಅಕ್ಕ ಒಂದು ಹಳೆಯ ಸೀರೆಯನ್ನು ನಡುವೆ ಕಟ್ಟಿ ಎರಡು ಕೋಣೆ ಮಾಡಿದಳು.

ಮಾಮಾ ಓಡಿಸುತ್ತಿದ್ದದ್ದು ಹರಾಜಿನಲ್ಲಿ ಕೊಂಡ ಹಳೆಯ ಮಿಲಿಟರಿ ಗಾಡಿ. ಅಂಥ ಗಾಡಿಗೆ ಪುಲ್ಲರ್ ಎನ್ನುತ್ತಾರೆ. ಅದು ತಾನು ಸರಕು ಹೊರುವುದಿಲ್ಲ, ಹಿಂದೆ ಕಟ್ಟಿದ ಟ್ರೇಲರನ್ನು ಎಳೆಯುತ್ತದೆ. ಬೇರೆ ಲಾರಿಗಳಿಗೆ ಒಂದು ಗೇರ್‌ಬಾಕ್ಸ್ ಇದ್ದರೆ ಇದಕ್ಕೆ ಎರಡು. ಇಂಜಿನ್ನಿಗೆ ಅಂಟಿಕೊಂಡ ಮೊದಲನೆಯದು ಐದು ಗೇರಿನದು. ಅದರ ಹಿಂದೆ ಒಂದು ಮೊಳದಷ್ಟು ಗಿಡ್ಡ ಶಾಫ್ಟ್, ಅದರಾಚೆ ಗಾಡಿಯ ಅಡಿಚೌಕಟ್ಟಾದ ಚಾಸಿಗೆ ಬೇರೆಯಾಗಿಯೇ ಬಿಗಿದ ಇನ್ನೊಂದು ಪೆಟ್ಟಿಗೆ. ಅದರಲ್ಲಿ ಮೂರೇ ಗೇರು. ಲೋ, ನಡು, ಹೈ ಎಂದು ನಾವು ಕರೆಯುತ್ತಿದ್ದೆವು. ಮುಂದಿನ ಪೆಟ್ಟಿಗೆಯ ಒಂದೊಂದು ಗೇರನ್ನೂ ಹಿಂದಿನ ಪೆಟ್ಟಿಗೆ ಮೂರು ಥರ ಮಾಡಿ ಚಕ್ರಕ್ಕೆ ಕಳಿಸುತ್ತಿತ್ತು. ಎರಡನ್ನೂ ಕೆಳಗಿನ ಗೇರಿಗೆ ಹಾಕಿದರೆ ನಲವತ್ತು ಟನ್ನಿನ ಯಂತ್ರವನ್ನೂ ಅದು ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಘಾಟಿನ ಮೇಲಕ್ಕೆ ಎಳೆದುಕೊಂಡು ಹೋಗುತ್ತಿತ್ತು.

ಅದು ಮೂಲದಲ್ಲಿ ಎಡಗಡೆ ಸ್ಟೀರಿಂಗಿನ ಗಾಡಿ. ಯಾರೋ ಸ್ಟೀರಿಂಗನ್ನು ಬಲಕ್ಕೆ ತಂದು, ಮೊದಲ ಪೆಟ್ಟಿಗೆಯ ಗೇರ್ ರಾಡನ್ನೂ ಕಾಯಿಸಿ ಬಾಗಿಸಿ ಬಲಕ್ಕೆ ತಿರುಗಿಸಿದ್ದರು. ಹಿಂದಿನ ಪೆಟ್ಟಿಗೆಯ ರಾಡು ಮಾತ್ರ ಇದ್ದಲ್ಲೇ ಉಳಿದಿತ್ತು. ಡ್ರೈವರನ ಸೀಟಿಗೂ ಆ ರಾಡಿಗೂ ನಡುವೆ ಇಂಜಿನ್ನಿನ ದೊಡ್ಡ ಡುಬ್ಬ. ಕೈ ಚಾಚಿದರೂ ಎಟುಕುವುದಿಲ್ಲ. ಹೀಗಾಗಿ ಆ ಗಾಡಿ ಓಡಿಸುವುದಕ್ಕೆ ಇಬ್ಬರು ಬೇಕು. ಎಡಗಡೆಯ ಸೀಟಿನಲ್ಲಿ ಕೂತು ಎರಡನೇ ರಾಡು ಹಾಕುವವನು ಮುಂಚೆ ಒಬ್ಬನಿದ್ದ. ಅವನು ಬಿಟ್ಟುಹೋದ ಜಾಗಕ್ಕೆ ನಾನು ಸೇರಿದೆ.

ಮಾಮಾ ಆಗ ಬಹಳ ಮಾತಿನ ಮನುಷ್ಯ. ಮೊದಲ ವಾರ ಗಾಡಿ ನಿಲ್ಲಿಸಿಕೊಂಡೇ ಕಲಿಸಿದರು.

"ನೋಡು ತಮ್ಮಾ, ಎರಡೂ ಒಮ್ಮೆಲೆ ಬದಲಿ ಮಾಡೂದಿದ್ರ ಮೊದಲ ನಿಂದು ಹೊರಗ ತಗೀಬೇಕು. ಆಮ್ಯಾಲ ನಾ ನಂದು ಬದಲಿ ಮಾಡ್ತೀನಿ. ಕಡೀಕ ನಿಂದು ಒಳಗ. ಇದು ತಪ್ಪಬಾರದು."

"ತಪ್ಪಿದ್ರ?"

"ಎರಡೂ ಖಾಲಿ ಉಳೀತಾವ. ಗಾಡಿ ನಮ್ಮ ಕೈಯಾಗ ಇರಂಗಿಲ್ಲ. ಇಳಿಜಾರಿನಾಗಂತೂ ಯಾವ ರಾಡಿಗೂ ಕೈ ಹಚ್ಚೂದು ಇಲ್ಲ. ಮ್ಯಾಲೇ ನಿಂತು, ಯಾವ ಗೇರಿನಾಗ ಇಳಿಯೂದು ಅಂತ ವಿಚಾರ ಮಾಡಿ, ಹಾಕಿ, ಆಮ್ಯಾಲ ಇಳಿಯೂದು. ತಿಳೀತಿಲ್ಲೊ?"

"ತಿಳೀತ್ರಿ."

ಕಲಿಯುವುದಕ್ಕೆ ಮೂರು ತಿಂಗಳು ಹಿಡಿಯಿತು. ಆ ಗೇರುಗಳು ತಾವಾಗಿ ಹೊಂದಿಕೊಳ್ಳುವಂಥವಲ್ಲ. ಕ್ಲಚ್ಚು ಒತ್ತಿ, ರಾಡು ಹೊರಗೆ ತೆಗೆದು, ಕ್ಲಚ್ಚು ಬಿಟ್ಟು, ಇಂಜಿನ್ನಿನ ವೇಗ ನೋಡಿಕೊಂಡು, ಮತ್ತೆ ಒತ್ತಿ ಹಾಕಬೇಕು. ಕ್ಲಚ್ಚು ಮಾಮಾನ ಕಾಲಿನಲ್ಲಿ, ರಾಡು ನನ್ನ ಕೈಯಲ್ಲಿ. ಅವರ ಎಡಮೊಣಕಾಲು ಮೇಲೇಳುವುದನ್ನು ನೋಡಿ ನಾನು ಕೈ ಆಡಿಸಬೇಕು. ತಪ್ಪಿದರೆ ಕೆಳಗಿನಿಂದ ಹಲ್ಲು ಕಡಿಯುವ ಸದ್ದು ಬರುತ್ತಿತ್ತು, ಅಂಗೈ ಝುಮ್ಮೆನ್ನುತ್ತಿತ್ತು. ಮಾಮಾ ಬೈಯುತ್ತಿರಲಿಲ್ಲ. "ಅದೂ ಅಳ್ತದ ನೋಡು" ಎಂದು ನಗುತ್ತಿದ್ದರು. ಮೂರು ತಿಂಗಳಾದ ಮೇಲೆ ಅವರ ಮೊಣಕಾಲು ನೋಡುವುದೂ ಬೇಕಾಗಲಿಲ್ಲ. ಇಂಜಿನ್ನಿನ ದನಿ ಇಳಿಯುತ್ತಿದ್ದಂತೆ ಇಬ್ಬರ ಕೈಗಳೂ ಒಟ್ಟಿಗೆ ಏಳುತ್ತಿದ್ದವು.

ನೋಡಿಕೊಳ್ಳುವ ಕೆಲಸವೂ ನನ್ನದೇ. ಎರಡನೇ ಪೆಟ್ಟಿಗೆಗೆ ಆಯಿಲ್ ಬೇರೆ, ಹಾಕುವ ಬೂಚು ಬೇರೆ. ಮುಂದಿನದಕ್ಕೆ ಹಾಕಿ ಹಿಂದಿನದನ್ನು ಮರೆತು ಹಾಳಾದ ಗಾಡಿಗಳನ್ನು ಮಾಮಾ ಬಹಳ ನೋಡಿದ್ದರು. ವಾರಕ್ಕೊಮ್ಮೆ ಕೆಳಗೆ ಮಲಗಿ ಆ ಗಿಡ್ಡ ಶಾಫ್ಟಿನ ಎರಡು ತುದಿಗೂ ಗ್ರೀಸ್ ಹೊಡೆಯಬೇಕು. ಚಾಸಿಗೆ ಬಿಗಿದ ಬೋಲ್ಟುಗಳು ಸಡಿಲಾಗಿವೆಯೇ ಎಂದು ಪಾನಾ ಹಾಕಿ ನೋಡಬೇಕು. ಪೆಟ್ಟಿಗೆಯ ನೆತ್ತಿಯ ಮೇಲೆ ಗಾಳಿ ಆಡಲಿಕ್ಕೆಂದು ಬೆರಳಿನಷ್ಟು ದಪ್ಪದ ಒಂದು ಸಣ್ಣ ಟೊಪ್ಪಿಗೆ ಇತ್ತು. ಅದರ ರಂಧ್ರಕ್ಕೆ ರಸ್ತೆಯ ಕೆಸರು ಕಟ್ಟಿಕೊಳ್ಳುತ್ತಿತ್ತು. ತಂತಿ ಹಾಕಿ ಅದನ್ನು ಬಿಡಿಸಬೇಕು. ಬಿಡಿಸದಿದ್ದರೆ ಒಳಗೆ ಕಾದ ಗಾಳಿಗೆ ದಾರಿ ಸಿಗದೆ ಆಯಿಲನ್ನು ಹಿಂದಿನ ಸೀಲಿನಿಂದ ಹೊರಗೆ ದೂಡುತ್ತದೆ. ಇದನ್ನೆಲ್ಲ ನಾನು ಶ್ರದ್ಧೆಯಿಂದ ಮಾಡುತ್ತಿದ್ದೆ. ಫಿಟರ್ ಕೆಲಸ ಕಲಿತವನಿಗೆ ಇದು ಕಷ್ಟವಲ್ಲ.

ಅಕ್ಕ ಒಮ್ಮೆ ಆ ಗಾಡಿಯಲ್ಲಿ ಕೂತಿದ್ದಳು. ಟ್ರೇಲರ್ ಇಲ್ಲದೆ ಖಾಲಿ ಪುಲ್ಲರನ್ನು ಗ್ಯಾರೇಜಿನಿಂದ ತರುತ್ತಿದ್ದ ದಿನ, ದಾರಿಯಲ್ಲಿ ಸಂತೆ ಮುಗಿಸಿ ಬರುತ್ತಿದ್ದವಳನ್ನು ಮಾಮಾ ಹತ್ತಿಸಿಕೊಂಡರು. ನನ್ನನ್ನು ಸರಿಸಿ ತಾನೇ ರಾಡಿನ ಹತ್ತಿರ ಕೂತಳು. "ಏನ್ರಿ ಡ್ರೈವರ್ ಸಾಹೇಬ್ರ, ಯಾವುದು ಹಾಕಲಿ?" ಎಂದಳು. ಮಾಮಾ "ನಡು" ಎಂದರು. ಅವಳು ಎರಡೂ ಕೈಯಿಂದ ಹಿಡಿದು ಎಳೆದಳು, ಬಳೆ ಸದ್ದು ಮಾಡಿದವು, ಗೇರು ಬೀಳಲಿಲ್ಲ. ಮೊಣಕಾಲ ಮೇಲಿದ್ದ ಚೀಲದಿಂದ ಬದನೆಕಾಯಿ ಉರುಳಿ ಕ್ಯಾಬಿನ್ನಿನ ತುಂಬ ಹರಡಿದವು.

ನಾನು ಬಂದು ಎರಡು ವರ್ಷಕ್ಕೆ ಅಕ್ಕ ಬಸುರಿಯಾದಳು.

ಏಳನೇ ತಿಂಗಳು ನಡೆಯುತ್ತಿದ್ದಾಗ ಬಂದರಿನಿಂದ ತಗಡು ಒತ್ತುವ ಒಂದು ದೊಡ್ಡ ಪ್ರೆಸ್ ಯಂತ್ರವನ್ನು ಪುಣೆಯ ಹೊರಗಿನ ಚಾಕಣಕ್ಕೆ ತರುವ ಕೆಲಸ ಬಂತು. ಅಲ್ಲಿ ಹೊಸ ಕಾರ್ಖಾನೆಗಳು ಏಳುತ್ತಿದ್ದವು. ಹೋಗಿಬರುವುದಕ್ಕೆ ಎಂಟು ಹತ್ತು ದಿನ. ಹೊರಡುವ ದಿನ ಬೆಳಗ್ಗೆ ಅಕ್ಕ ಚಹಾ ಕೊಟ್ಟಳು. ಬಾಗಿಲಲ್ಲಿ ಬಿಸಿಲಿತ್ತು. ಅವಳ ಕಣ್ಣಿನ ಬಿಳಿಭಾಗ ಹಳದಿಯಾಗಿತ್ತು. ನನಗೆ ಕಾಣಿಸಿತು.

"ಆರಾಮ ಇದ್ದೀಯೇನವಾ?" ಎಂದೆ.

"ಪಿತ್ತ ಆಗ್ಯಾದ. ಊಟ ಸೇರವಲ್ದು. ಹೋಗಿ ಬರ್ರಿ ನೀವು" ಎಂದಳು.

ಮಾಮಾ ಹೊರಗೆ ಹಾಸಿಗೆಯ ಸುರುಳಿ ಕಟ್ಟುತ್ತಿದ್ದರು. ನಾನು ಚಹಾ ಕುಡಿದು ಚಪ್ಪಲಿ ಮೆಟ್ಟಿದೆ. ಕಣ್ಣಿನ ಮಾತು ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಆಮೇಲೆ ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ.

ಆರನೇ ದಿನ ನಾವು ಯಂತ್ರ ಹೇರಿಕೊಂಡು ಘಾಟಿನ ಬುಡಕ್ಕೆ, ಖೋಪೋಲಿಗೆ ಬಂದು ನಿಂತಿದ್ದೆವು. ಮರುದಿನ ಬೆಳಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ಮಾತ್ರ ಘಾಟು ಹತ್ತಲು ನಮಗೆ ಪರವಾನಗಿ. ಹೊರಡುವ ಮೊದಲು ಏಳಕ್ಕೆ ಮಾಮಾ ಎಸ್‌ಟಿಡಿ ಬೂತಿನಿಂದ ನಮ್ಮ ಓಣಿಯ ಕಿರಾಣಿ ಅಂಗಡಿಗೆ ಫೋನು ಮಾಡಿದರು. ಹೊರಗೆ ಬಂದು ಹೇಳಿದರು:

"ನಿಮ್ಮಕ್ಕನ್ನ ನಿನ್ನೆ ದವಾಖಾನಿಗೆ ಹಾಕ್ಯಾರಂತ. ಬಾಜೂ ಮನಿ ಆಜಿ ಕರಕೊಂಡ್ ಹೋಗ್ಯಾಳ. ಕಾಮಾಲಿ ಅಂತ. ಜಲ್ದಿ ಬರ್ರಿ ಅಂದ ಅಂಗಡಿಯಂವ."

ಕಾಮಾಲೆ ಎಂದಾಗ ನನಗೆ ಬಾಗಿಲ ಬಿಸಿಲು ನೆನಪಾಯಿತು. ಜೀಪಿನಲ್ಲಿ ನಮ್ಮ ಜೊತೆಗಿದ್ದ ಕಂಪನಿಯ ಸೂಪರ್ವೈಜರ್ ಫೋನಿನ ಮಾತು ಕೇಳಿಸಿಕೊಂಡು ಹತ್ತಿರ ಬಂದ. ಮರಾಠಿಯಲ್ಲಿ, ಮೆಲ್ಲಗೇ ಹೇಳಿದ: ಇವತ್ತಿನ ಪರವಾನಗಿ ತಪ್ಪಿದರೆ ಮತ್ತೆ ಒಂದು ವಾರ ಗಾಡಿ ರಸ್ತೆಯಲ್ಲೇ ನಿಲ್ಲಬೇಕು. ನಿಮ್ಮಿಬ್ಬರನ್ನು ಬಿಟ್ಟರೆ ಈ ಗಾಡಿ ಯಾರಿಗೂ ಬರುವುದಿಲ್ಲ. ಮೇಲೆ ಹತ್ತಿಸಿ ನಿಲ್ಲಿಸಿ, ನಾನೇ ಜೀಪಿನಲ್ಲಿ ಪುಣೆಗೆ ಬಿಡುತ್ತೇನೆ. ಅವನು ಕೆಟ್ಟ ಮನುಷ್ಯನಲ್ಲ. ಹೋಗಬೇಡಿ ಎಂದೇನೂ ಅವನು ಹೇಳಲಿಲ್ಲ.

ಮಾಮಾ ನನ್ನ ಮುಖ ನೋಡಿದರು. "ಏನ್ ಮಾಡೂಣು ತಮ್ಮಾ?"

"ನಾಕ ತಾಸಿನ ಮಾತದರಿ. ಹತ್ತಿಸೇ ಹೋಗೂಣು" ಎಂದೆ.

ಮಾಮಾ ತಲೆಯಾಡಿಸಿದರು. ಎಂಟಕ್ಕೆ ಹೊರಟೆವು.

ಘಾಟು ಪೂರ್ತಿ ಒಂದೇ ಜೋಡಿ ಗೇರಿನಲ್ಲಿ ಹತ್ತಿದೆವು. ಅವರದು ಎರಡು, ನನ್ನದು ಲೋ. ಬಿಗಿ ತಿರುವುಗಳಲ್ಲಿ ಮಾತ್ರ ಮಾಮಾ ಒಂದಕ್ಕೆ ಇಳಿಸಿದರು. ನನ್ನ ರಾಡನ್ನು ನಾನು ಮುಟ್ಟುವ ಕೆಲಸವೇ ಇರಲಿಲ್ಲ, ಆದರೂ ಕೈ ಅದರ ಮೇಲೇ ಇತ್ತು. ಮುಂದೆ ಜೀಪು, ಅದರ ಮೇಲೆ ಕೆಂಪು ಬಾವುಟ. ನಮ್ಮ ಹಿಂದೆ ನಿಂತ ಗಾಡಿಗಳ ಹಾರ್ನು. ಇಂಜಿನ್ನಿನ ಶಾಖಕ್ಕೆ ಕಾಲು ಸುಡುತ್ತಿತ್ತು. ಇಬ್ಬರೂ ಏನೂ ಮಾತಾಡಲಿಲ್ಲ. ಆಗಿನ್ನೂ ನಮ್ಮ ನಡುವೆ ಮಾತಿಲ್ಲದಿರುವುದು ಹೊಸದು, ಆದ್ದರಿಂದ ಅದು ನನ್ನ ಗಮನಕ್ಕೆ ಬಂತು.

ಹನ್ನೆರಡಕ್ಕೆ ಇನ್ನೂ ಸ್ವಲ್ಪ ಇರುವಾಗ ಮೇಲೆ ಬಂದೆವು. ಗಾಡಿ ಬದಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟು, ಕೈಯನ್ನೂ ತೊಳೆಯದೆ ಜೀಪು ಹತ್ತಿದೆವು. ಆಸ್ಪತ್ರೆ ಸೇರಿದಾಗ ಎರಡಾಗಿತ್ತು. ಬಾಗಿಲಲ್ಲಿ ನೆರೆಮನೆಯ ಆಜಿ ಕೂತಿದ್ದಳು. ಅವಳು ಎದ್ದು ನಿಲ್ಲಲಿಲ್ಲ. ಅದರಿಂದಲೇ ತಿಳಿಯಿತು. ಬೆಳಗ್ಗೆ ಹತ್ತರ ಹೊತ್ತಿಗೆ ಹೋದಳು ಎಂದಳು. ಕೂಸೂ ಉಳಿಯಲಿಲ್ಲ.

ಹತ್ತರ ಹೊತ್ತಿಗೆ ನಾವು ಎಲ್ಲಿದ್ದೆವೆಂದು ನಾನು ಲೆಕ್ಕ ಹಾಕಿದೆ. ಏಳಕ್ಕೆ ಬಸ್ಸು ಹತ್ತಿದ್ದರೆ ಹತ್ತಕ್ಕೂ ಮೊದಲೇ ಬರಬಹುದಿತ್ತು ಎಂದೂ ಹಾಕಿದೆ. ಎರಡನ್ನೂ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಬೋಲ್ಟಿನ ಅಳತೆ ನೋಡುವಷ್ಟೇ ಸಾವಧಾನದಿಂದ ಹಾಕಿದೆ. ಅಳು ಬರಲಿಲ್ಲ. ಅವ್ವ, ಅಪ್ಪ ಮುಂಚೆಯೇ ತೀರಿಕೊಂಡಿದ್ದರು. ಊರಿನಿಂದ ನಾಲ್ಕು ಜನ ಬಂದರು, ಹೋದರು. ಅವರಲ್ಲೊಬ್ಬರು ನನ್ನನ್ನು ನೋಡಿ "ಇಂವ ಕಲ್ಲಾಗ್ಯಾನ" ಎಂದರು. ನನಗೂ ಹಾಗೇ ಅನ್ನಿಸುತ್ತಿತ್ತು, ಆದರೆ ಅದರಲ್ಲಿ ನೋವೇನೂ ಇರಲಿಲ್ಲ.

ಗಾಡಿ ಘಾಟಿನ ಮೇಲೇ ನಿಂತಿತ್ತು. ಹದಿನಾಲ್ಕನೇ ದಿನ ಇಬ್ಬರೂ ಹೋಗಿ ಅದನ್ನು ಚಾಕಣಕ್ಕೆ ಮುಟ್ಟಿಸಿದೆವು.

ಆಮೇಲೆ ನಾಲ್ಕು ವರ್ಷ ಹಾಗೇ ನಡೆಯಿತು. ಒಂದೇ ಕೋಣೆ, ಒಂದೇ ಗಾಡಿ. ನಡುವಿನ ಸೀರೆಯನ್ನು ಯಾರೂ ತೆಗೆಯಲಿಲ್ಲ. ನಾನು ಜೋಳದ ಭಕ್ರಿ ಬಡಿಯುವುದನ್ನು ಕಲಿತೆ, ಮಾಮಾ ಪಲ್ಯ ಮಾಡುತ್ತಿದ್ದರು. ಊಟಕ್ಕೆ ಬಾ, ನೀರು ಬಂತು, ಬಾಗಿಲು ಹಾಕು. ಮನೆಯಲ್ಲಿ ಇಷ್ಟೇ ಮಾತು. ಗಾಡಿಯಲ್ಲಿ ಲೋ, ನಡು, ಹೈ. ಆಮೇಲೆ ಅದೂ ಬೇಕಾಗಲಿಲ್ಲ. ರಾಂಜಣಗಾಂವಕ್ಕೆ, ಚಾಕಣಕ್ಕೆ, ಕೊಲ್ಹಾಪುರದ ಕಡೆಗೆ ಎಷ್ಟು ಯಂತ್ರ ಎಳೆದೆವೋ ನೆನಪಿಲ್ಲ. ಗೇರು ಮಾತ್ರ ಒಂದು ಸಲವೂ ತಪ್ಪಲಿಲ್ಲ. ಬೇರೆ ಡ್ರೈವರುಗಳು ನಮ್ಮನ್ನು ನೋಡಿ, ಒಬ್ಬನೇ ಮನುಷ್ಯ ಓಡಿಸಿದ ಹಾಗಿದೆ ಎನ್ನುತ್ತಿದ್ದರು. ಅವರು ಅದನ್ನು ಮೆಚ್ಚಿಗೆಗೆ ಹೇಳುತ್ತಿದ್ದರು.

ಮಾಮಾ ನನ್ನ ಮೇಲೆ ಸಿಟ್ಟಾಗಿದ್ದಾರೆಂದು ನಾನು ತಿಳಿದುಕೊಂಡಿದ್ದೆ. ಹತ್ತಿಸೇ ಹೋಗೂಣು ಎಂದವನು ನಾನು. ಒಮ್ಮೆ ಬೈದುಬಿಟ್ಟರೆ ಮುಗಿಯುತ್ತಿತ್ತು. ಬೈಯಲಿಲ್ಲ. ನಾನೂ ಬಿಟ್ಟುಹೋಗಲಿಲ್ಲ. ಬಿಟ್ಟು ಹೋಗುವುದಕ್ಕೆ ಎಲ್ಲಿಗೆ ಎಂದು ಯೋಚಿಸಬೇಕು, ಅಷ್ಟು ಯೋಚನೆ ನನ್ನಲ್ಲಿರಲಿಲ್ಲ.

ಕೆಲಸದಲ್ಲಿ ಒಂದು ಬದಲಾವಣೆ ಆಗಿತ್ತು. ಅದು ನನಗೆ ಮಾತ್ರ ಗೊತ್ತಿತ್ತು. ವಾರದ ಗ್ರೀಸು, ಬೋಲ್ಟು ನೋಡುವುದು, ಗಾಳಿಯ ಟೊಪ್ಪಿಗೆಗೆ ತಂತಿ ಹಾಕುವುದು, ಇವು ಎರಡು ವಾರಕ್ಕೊಮ್ಮೆ ಆದವು, ಆಮೇಲೆ ತಿಂಗಳಿಗೊಮ್ಮೆ. ಗಾಡಿಯ ಕೆಳಗೆ ಹೋಗಿ ಮಲಗುತ್ತಿದ್ದೆ. ಪೆಟ್ಟಿಗೆಯ ತಳ ನೋಡುತ್ತ ಅರ್ಧ ತಾಸು ಹಾಗೇ ಮಲಗಿ, ಏನೂ ಮಾಡದೆ ಎದ್ದು ಬರುತ್ತಿದ್ದೆ. ಆಯ್ತಾ ಎಂಬಂತೆ ಮಾಮಾ ನೋಡಿದರೆ ಹೂಂ ಎನ್ನುತ್ತಿದ್ದೆ.

ನಾಲ್ಕನೇ ವರ್ಷದ ಮಳೆಗಾಲ ಮುಗಿದ ಮೇಲೆ ರಾಡು ನಡುಗತೊಡಗಿತು. ಲೋ ಹಾಕಿದಾಗ ಅದು ಹೊರಗೆ ಬರಲು ನೋಡುತ್ತಿತ್ತು. ಸಣ್ಣಗೆ, ಹಿಡಿದವನ ಕೈಗೆ ಮಾತ್ರ ತಿಳಿಯುವ ಹಾಗೆ. ಹಿಂದಿನ ಸೀಲಿನ ಹತ್ತಿರ ಆಯಿಲು ಜಿನುಗಿ ಧೂಳು ಕಪ್ಪಾಗಿ ಅಂಟಿದ್ದನ್ನೂ ನೋಡಿದ್ದೆ. ನಾನು ರಾಡನ್ನು ಕೈಯಿಂದ, ಬೇಕಾದರೆ ಮೊಣಕಾಲಿನಿಂದ ಒತ್ತಿ ಹಿಡಿದು ಕೂರುತ್ತಿದ್ದೆ. ಎರಡು ತಿಂಗಳು ಹೀಗೆ ಹಿಡಿದುಕೊಂಡು ಓಡಾಡಿದೆ. ಹೇಳಬೇಕೆಂದು ದಿನವೂ ಅನ್ನಿಸುತ್ತಿತ್ತು. ಬಾಯಿ ತೆಗೆಯಲಿಲ್ಲ.

ಒಂದು ದಿನ ಮಧ್ಯಾಹ್ನ ಜೇಜುರಿ ಕಡೆಯ ಕಾರ್ಖಾನೆಯಿಂದ ಒಂದು ಬಾಯ್ಲರನ್ನು ಹೇರಿಕೊಂಡು ಪುಣೆಯ ಕಡೆಗೆ ಬರುತ್ತಿದ್ದೆವು. ದಿವೆ ಘಾಟು ಇಳಿಯಬೇಕು. ಮೇಲೆ ನಿಂತು, ಅವರು ಎರಡು ಹಾಕಿದರು, ನಾನು ಲೋ ಹಾಕಿದೆ, ಇಳಿಯಲು ಶುರುಮಾಡಿದೆವು. ಮೂರನೇ ತಿರುವು ದಾಟಿದ ಮೇಲೆ ರಾಡು ನನ್ನ ಕೈಯನ್ನು ಒದ್ದು ಹೊರಗೆ ಬಂತು.

ಮೊದಲು ಇಂಜಿನ್ನಿನ ಸದ್ದು ಇಳಿಯಿತು. ಅಷ್ಟು ಹೊತ್ತು ಗಾಡಿಯನ್ನು ತಡೆದು ಹಿಡಿದಿದ್ದ ಇಂಜಿನ್ನು ಈಗ ಸುಮ್ಮನೆ ತನ್ನ ಪಾಡಿಗೆ ತಿರುಗುತ್ತಿತ್ತು. ಚಕ್ರಕ್ಕೂ ಅದಕ್ಕೂ ಸಂಬಂಧ ಉಳಿದಿರಲಿಲ್ಲ. ಹಿಂದಿನಿಂದ ಬಾಯ್ಲರಿನ ಭಾರ ದೂಡತೊಡಗಿತು. ಮಾಮಾ ಬ್ರೇಕಿನ ಮೇಲೆ ನಿಂತರು. ನಾನು ರಾಡನ್ನು ಎರಡೂ ಕೈಯಿಂದ ಹಿಡಿದು ಒಳಗೆ ನೂಕಿದೆ. ಕೆಳಗೆ ಹಲ್ಲುಗಳು ಕಿರುಚಿದವು, ರಾಡು ನನ್ನ ತೋಳನ್ನು ಹಿಂದಕ್ಕೆ ಎಸೆಯಿತು. ಮತ್ತೆ ನೂಕಿದೆ. ಬ್ರೇಕಿನ ಲೈನರ್ ಸುಟ್ಟ ವಾಸನೆ ಒಳಗೆ ತುಂಬಿತು.

"ಬಿಡು!" ಮಾಮಾ ಕೂಗಿದರು. "ಕೈ ಬಿಡೋ, ಮುರೀತದ! ಕಾಲು ಮ್ಯಾಲ ತಗೋ!"

ನಾಲ್ಕು ವರ್ಷದಲ್ಲಿ ಅಷ್ಟು ಉದ್ದದ ಮಾತನ್ನು ಅವರು ನನಗೆ ಆಡಿರಲಿಲ್ಲ. ಕೈ ಬಿಟ್ಟೆ. ಕಾಲು ಮೇಲೆ ತೆಗೆದುಕೊಂಡೆ. ಅವರು ಸ್ಟೀರಿಂಗನ್ನು ಎಡಕ್ಕೆ, ಗುಡ್ಡದ ಕಡೆಯ ಚರಂಡಿಗೆ ತಿರುಗಿಸಿದರು. ಮುಂದಿನ ಚಕ್ರ ಚರಂಡಿಗೆ ಇಳಿಯಿತು, ನನ್ನ ಕಡೆಯ ಬಾಗಿಲು ಬಂಡೆಗೆ ಉಜ್ಜಿಕೊಂಡು ಒಳಗೆ ಬಾಗಿತು, ಕನ್ನಡಿ ಕಿತ್ತುಹೋಯಿತು. ಸ್ವಲ್ಪ ದೂರ ಹಾಗೇ ಉಜ್ಜಿ ನಿಂತಿತು. ಟ್ರೇಲರು ಅಡ್ಡ ತಿರುಗಲಿಲ್ಲ. ಯಾರಿಗೂ ಏನೂ ಆಗಲಿಲ್ಲ.

ಮಾಮಾನ ಬಾಗಿಲಿನಿಂದಲೇ ಇಬ್ಬರೂ ಇಳಿದೆವು. ಮೊದಲು ಚಕ್ರಗಳಿಗೆ ಕಲ್ಲು ಕೊಟ್ಟೆವು. ಆಮೇಲೆ ಮಾಮಾ ಗಾಡಿಯ ಕೆಳಗೆ ನುಸುಳಿದರು. ಹೊರಗೆ ಬಂದಾಗ ಬೆರಳಿನ ತುದಿಯಲ್ಲಿ ಒಣಗಿದ ಕೆಸರಿನ ಒಂದು ಉಂಡೆ ಇತ್ತು. ಗಾಳಿಯ ಟೊಪ್ಪಿಗೆಯಿಂದ ತೆಗೆದದ್ದು.

"ಎಷ್ಟ ದಿನಾ ಆತು ರಾಡು ಹಾರಾಕ ಹತ್ತಿ?"

"ಎರಡು ತಿಂಗಳಾತ್ರಿ."

"ಯಾಕ ಹೇಳಲಿಲ್ಲ?"

"ಗೊತ್ತಿಲ್ರಿ ಮಾಮಾ."

ಅವರು ಹೊಡೆಯುತ್ತಾರೆಂದುಕೊಂಡೆ. ಹೊಡೆಯಲಿ ಎಂದುಕೊಂಡೆ. ಅವರು ಕೆಸರಿನ ಉಂಡೆಯನ್ನು ಬೆರಳಿನಲ್ಲಿ ಪುಡಿಮಾಡಿ, ಲುಂಗಿಗೆ ಕೈ ಒರೆಸಿಕೊಂಡು, ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತರು. ನಾನು ಸ್ವಲ್ಪ ದೂರದಲ್ಲಿ ಕೂತೆ. ನನ್ನ ಬಲಮಣಿಕಟ್ಟು ಊದುತ್ತಿತ್ತು. ಅದನ್ನು ನೋಡುತ್ತ ಕೂತಿದ್ದೆ. ಬೇರೆ ಯಾರದೋ ಕೈ ಎಂಬಂತೆ ಇತ್ತು.

ಎರಡು ದಿನದ ಮೇಲೆ ಬೇರೆ ಪುಲ್ಲರು ಬಂದು ಬಾಯ್ಲರನ್ನು ಒಯ್ದಿತು. ನಮ್ಮದನ್ನು ಎಳೆದುಕೊಂಡು ಗ್ಯಾರೇಜಿಗೆ ತಂದರು. ಎಳೆಯುವ ಮೊದಲು ಮಾಮಾ ಪೆಟ್ಟಿಗೆಯಿಂದ ಚಕ್ರಕ್ಕೆ ಹೋಗುವ ಹಿಂದಿನ ಉದ್ದ ಶಾಫ್ಟನ್ನು ಬಿಚ್ಚಿಸಿದರು. ಇಂಜಿನ್ನು ಬಂದ್ ಇದ್ದು ಚಕ್ರ ಮಾತ್ರ ತಿರುಗಿದರೆ ಪೆಟ್ಟಿಗೆಯೊಳಗೆ ಆಯಿಲು ಮೇಲಕ್ಕೆ ಚಿಮ್ಮುವುದಿಲ್ಲ, ಉಳಿದ ಬೇರಿಂಗೂ ಹೋಗುತ್ತದೆ. ಆ ಸ್ಥಿತಿಯಲ್ಲೂ ಅವರು ಅದನ್ನು ಮರೆಯಲಿಲ್ಲ.

ಪೆಟ್ಟಿಗೆಯನ್ನು ಚೈನ್‌ಪುಲ್ಲಿ ಕಟ್ಟಿ ಇಳಿಸಿ, ಎರಡು ಮರದ ದಿಮ್ಮಿಯ ಮೇಲಿಟ್ಟು ಇಬ್ಬರೇ ಬಿಚ್ಚಿದೆವು. ಗ್ಯಾರೇಜಿನ ಮೇಸ್ತ್ರಿ ಬರುತ್ತೇನೆಂದ, ಮಾಮಾ ಬೇಡವೆಂದರು. ತಳದ ಬೂಚಿನ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಕೂದಲಿನ ಹಾಗೆ ನಿಂತಿತ್ತು. ಹಿಂದಿನ ಬೇರಿಂಗು ಆಯಿಲಿಲ್ಲದೆ ಕಾದು ನೀಲಿಯಾಗಿತ್ತು. ಅದು ಸವೆದದ್ದರಿಂದ ಶಾಫ್ಟು ಅಲ್ಲಾಡಿ, ಲೋ ಗೇರಿನ ಹಲ್ಲಿನ ಅಂಚು ದುಂಡಾಗಿ, ಗೇರು ಜಾರಿ ಹೊರಗೆ ಬರುತ್ತಿತ್ತು. ಗೇರನ್ನು ಸರಿಸುವ ಫೋರ್ಕೂ ಒಂದು ಕಡೆ ತೆಳ್ಳಗಾಗಿತ್ತು. ಎಲ್ಲವೂ ಆ ಬೆರಳುದಪ್ಪದ ಟೊಪ್ಪಿಗೆಯ ರಂಧ್ರದಿಂದ ಶುರುವಾದದ್ದು. ಮಾಮಾ ಒಂದೊಂದನ್ನೂ ಡೀಸೆಲಿನಲ್ಲಿ ತೊಳೆದು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟರು.

ಮೂರನೇ ದಿನ, ನಾನು ವೆಲ್ಡಿಂಗ್ ತುಂಬಿಸಿದ ಫೋರ್ಕನ್ನು ವೈಸಿನ ಇಕ್ಕಳದಲ್ಲಿ ಬಿಗಿದು ಕಾನಸಿನಿಂದ ಉಜ್ಜಿ ಸಮ ಮಾಡುತ್ತಿದ್ದೆ. ಮಾಮಾ ಹಿಂದೆ ಕೂತು ಸೀಲಿನ ಜಾಗ ಒರೆಸುತ್ತಿದ್ದರು.

"ನಿಮ್ಮಕ್ಕನ ಕಣ್ಣು ನಾ ನೋಡಿದ್ದೆ" ಎಂದರು.

ನಾನು ಕಾನಸು ನಿಲ್ಲಿಸಿದೆ. ತಿರುಗಲಿಲ್ಲ.

"ಹೊಂಡೂಕಿಂತ ಮೊದಲ ದಿನಾನೇ ನೋಡಿದ್ದೆ. ಹಳದಿ ಆಗಿತ್ತು. ಬಸಿರ ಹೆಣ್ಮಗಳಿಗೆ ಹಂಗ ಆಗ್ತಿರಬಹುದು ಅಂದ್ಕೊಂಡೆ. ಬಂದ ಮ್ಯಾಲ ತೋರಿಸಿದ್ರಾತು ಅಂದ್ಕೊಂಡೆ."

"ನಾನೂ ನೋಡಿದ್ದೆರಿ" ಎಂದೆ. "ಚಹಾ ಕೊಡೂ ಮುಂದ."

ಹೊರಗೆ ಯಾರೋ ಟೈರಿಗೆ ಸುತ್ತಿಗೆ ಹೊಡೆಯುತ್ತಿದ್ದರು.

"ಮತ್ತ ಘಾಟಿನ ಮಾತು" ಎಂದರು ಮಾಮಾ. "ನೀ ಹೇಳಿದಿ ಅಂತ ನಾ ಹತ್ತಿಸಲಿಲ್ಲ. ನೀ ಬ್ಯಾಡ ಅಂದಿದ್ರೂ ಹತ್ತಿಸ್ತಿದ್ದೆ. ದವಾಖಾನಿಗೆ ಹೋಗಾಕ ಅಂಜಿಕಿ ಬಂದಿತ್ತು ನನಗ. ಗಾಡಿ ನಡಸೂ ತನಕಾ ಏನೂ ಆಗಂಗಿಲ್ಲ ಅನಸ್ತಿತ್ತು. ಇದು ನಿನಗ ಯಾವಾಗೋ ಹೇಳಬೇಕಿತ್ತು."

ಹಗುರವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಕಾಲು ಜೋಮು ಹಿಡಿದಾಗ ರಕ್ತ ಓಡಲು ಶುರುವಾಗುವ ಮುಂಚೆ ಒಂದು ಕ್ಷಣ ಇರುತ್ತದಲ್ಲ, ಅಷ್ಟೇ. ಫೋರ್ಕನ್ನು ವೈಸಿನಿಂದ ಬಿಚ್ಚಿ ಅವರ ಕೈಗೆ ಕೊಟ್ಟೆ. ಅವರು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿ, "ಈ ಬಾಜೂ ಇನ್ನೊಂದು ಕೂದಲೆಳಿಯಷ್ಟು ತಗಿ" ಎಂದರು. ತೆಗೆದೆ.

ಬೇರಿಂಗಿಗಾಗಿ ಇಬ್ಬರೂ ರವಿವಾರ ಹಳೆಯ ಸಾಮಾನು ಮಾರುವ ಜೂನಾ ಬಜಾರಿಗೆ ಹೋದೆವು. ನಾಲ್ಕು ತಾಸು ಹುಡುಕಿದ ಮೇಲೆ ಒಂದು ಗುಜರಿ ರಾಶಿಯಲ್ಲಿ ಅಳತೆಗೆ ಸರಿಯಾದದ್ದು ಸಿಕ್ಕಿತು. ಲೋ ಗೇರನ್ನು ಬೇರೆ ಸತ್ತ ಗಾಡಿಯಿಂದ ತೆಗೆದೆವು. ಪೆಟ್ಟಿಗೆಯನ್ನು ಮೇಲೆ ಕಟ್ಟಿ ಹೊಸ ಆಯಿಲು ತುಂಬಿದ ದಿನ, ಮನೆಗೆ ಬಂದು ಮಾಮಾ ನಡುವಿನ ಸೀರೆಯನ್ನು ಬಿಚ್ಚಿ ಮಡಚಿ ಟ್ರಂಕಿನಲ್ಲಿಟ್ಟರು. ನಾನು ನೋಡುತ್ತಿದ್ದೆ. ಆಗಿನ ಮೌನ ಮೊದಲಿನ ಹಾಗೆ ಇರಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಆ ಗಾಡಿಯನ್ನು ಮತ್ತೆ ಮೂರು ನಾಲ್ಕು ವರ್ಷ ಓಡಿಸಿದೆವು. ಮಾಮಾ ಊರಿಗೆ ಹೋಗಿ ಇನ್ನೊಂದು ಮದುವೆ ಮಾಡಿಕೊಂಡು ಬಂದರು. ಗಂಡ ತೀರಿದ, ಗಟ್ಟಿ ದನಿಯ ಹೆಂಗಸು. ನಾನು ಬೇರೆ ಕೋಣೆ ಹಿಡಿದೆ. ಆಮೇಲೆ ಕಂಪನಿ ಹೊಸ ಪುಲ್ಲರು ತಂದಿತು. ಅದರಲ್ಲಿ ಎರಡನೇ ಪೆಟ್ಟಿಗೆಯೂ ಮೊದಲನೆಯದರ ಮೈಯೊಳಗೇ ಸೇರಿಹೋಗಿತ್ತು. ರಾಡು ಒಂದೇ. ಅದರ ತುದಿಯ ಗುಬುಟಿನ ಪಕ್ಕದಲ್ಲಿ ಒಂದು ಸಣ್ಣ ಬಟನ್ನು. ಬೆರಳಿನಿಂದ ಮೇಲೆತ್ತಿದರೆ ಹೈ, ಕೆಳಗೆ ಒತ್ತಿದರೆ ಲೋ, ಉಳಿದ ಕೆಲಸವನ್ನು ಒತ್ತಡದ ಗಾಳಿ ಮಾಡುತ್ತದೆ. ಮಾಮಾ ನನ್ನನ್ನು ಹತ್ತಿಸಿಕೊಂಡು ಗ್ಯಾರೇಜಿನ ಸುತ್ತ ಒಂದು ಸುತ್ತು ಹೊಡೆದು ತೋರಿಸಿದರು.

"ನಿನ್ನ ಕೆಲಸಾ ಇದು ಮಾಡ್ತದ ನೋಡು" ಎಂದರು. ತಮಾಷೆಗೆ ಹೇಳಿ, ಆಮೇಲೆ ನನ್ನ ಮುಖ ನೋಡಿದರು.

"ಚಲೋನೇ ಆತ್ರಿ" ಎಂದೆ. ನನಗೆ ಬೇಸರವೇನೂ ಆಗಿರಲಿಲ್ಲ.

ಹಳೆಯ ಗಾಡಿ ಗುಜರಿಗೆ ಹೋಯಿತು. ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ನನಗೆ ಮೇಂಟೆನನ್ಸಿನಲ್ಲಿ ಕೆಲಸ ಸಿಕ್ಕಿತು. ಕನ್ವೇಯರು, ಫೋರ್ಕ್‌ಲಿಫ್ಟು, ಕಂಪ್ರೆಸರು. ವೇಳಾಪಟ್ಟಿ ಗೋಡೆಗೆ ಅಂಟಿಸಿರುತ್ತಾರೆ, ಮಾಡಿದ್ದಕ್ಕೆ ಸಹಿ ಹಾಕಬೇಕು. ಮಾಡದೆ ಸಹಿ ಹಾಕುವವರೂ ಇದ್ದಾರೆ. ನಾನು ಹಾಕುವುದಿಲ್ಲ.

ಮದುವೆ ತಡವಾಗಿ ಆಯಿತು. ಸೊಲ್ಲಾಪುರದ ಕಡೆಯ ಕನ್ನಡದವಳು. ಹುಡುಗಿಯನ್ನು ನೋಡಿ ಮಾತು ಮುಗಿಸಿದ್ದು ಮಾಮಾ ಮತ್ತು ಅವರ ಹೆಂಡತಿ. ಮದುವೆಯಾದ ಕೆಲವು ತಿಂಗಳಿಗೆ ಒಂದು ದಿನ ಎರಡನೇ ಶಿಫ್ಟಿಗೆ ಹೋಗುವ ಮೊದಲು ಊಟ ಮಾಡುತ್ತಿದ್ದಾಗ ನನ್ನ ಹೆಂಡತಿ ಕೇಳಿದಳು:

"ನಿಮ್ಮಕ್ಕ ಹ್ಯಾಂಗಿದ್ರು? ಯಾರೂ ಅವರ ಮಾತಾ ತಗಿಯಂಗಿಲ್ಲ."

ಹೇಗೆ ಸತ್ತಳೆಂದು ಹೇಳುವುದು ನನಗೆ ರೂಢಿಯಾಗಿತ್ತು. ಹೇಗಿದ್ದಳೆಂದು ಯಾರೂ ಕೇಳಿರಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟೆ. ಆಮೇಲೆ, ಅಕ್ಕ ಪುಣೆಗೆ ಬಂದ ಹೊಸದರಲ್ಲಿ ಮರಾಠಿ ಬಾರದೆ, ಬಸ್ಸಿನ ಕಂಡಕ್ಟರ್ ಏನು ಕೇಳಿದರೂ ಹೌದೆಂದು "ಹೋ ಹೋ" ಎನ್ನುತ್ತ ಕೂ‌ತು, ಇಳಿಯುವ ಜಾಗ ದಾಟಿ ಕಡೆಯ ಸ್ಟಾಪಿನವರೆಗೆ ಹೋಗಿ, ಅದೇ ಬಸ್ಸಿನಲ್ಲಿ ಮೂರು ಸಲ ತಿರುಗಿದ್ದನ್ನು ಹೇಳಿದೆ. ನಾಲ್ಕನೇ ಸಲಕ್ಕೆ ಕಂಡಕ್ಟರನೇ ಇಳಿದು ಅವಳನ್ನು ಓಣಿಯವರೆಗೆ ಬಿಟ್ಟುಹೋದನಂತೆ.

ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಮತ್ತ?" ಎಂದಳು.

ಮತ್ತೇನೆಂದು ಯೋಚಿಸಿದೆ. ಕ್ಯಾಬಿನ್ನಿನಲ್ಲಿ ಬದನೆಕಾಯಿ ಉರುಳಿದ ದಿನ ನೆನಪಾಯಿತು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಕಂಪನಿಯ ಬಸ್ಸಿನ ಹೊತ್ತಾಯಿತು. ಕೈ ತೊಳೆದುಕೊಂಡು ಡಬ್ಬಿ ಹಿಡಿದು ಹೊರಟೆ.